ಶರೀರದ ಪುನರುತ್ಥಾನ: ಆತ್ಮ ಮಾತ್ರವೋ, ದೇಹವೂ ಉಂಟೋ?

ಜಪಸರ ಆರಂಭಿಸುವಾಗಲೆಲ್ಲ ನಾವು ಪ್ರೇಷಿತರ ವಿಶ್ವಾಸ ಸಂಗ್ರಹವನ್ನು ಹೇಳುತ್ತೇವೆ. ಅದರ ಕೊನೆಯಲ್ಲಿ ಶರೀರದ ಪುನರುತ್ಥಾನವನ್ನು ವಿಶ್ವಾಸಿಸುವುದಾಗಿ ಒಪ್ಪಿಕೊಳ್ಳುತ್ತೇವೆ. ಆದರೆ ಮನೆಯಲ್ಲಿ ಸಾವು ಸಂಭವಿಸಿದಾಗ ನಮ್ಮ ಬಾಯಲ್ಲಿ ಬರುವ ಮಾತೇ ಬೇರೆ: ದೇಹ ಮಣ್ಣಿಗೆ, ಆತ್ಮ ದೇವರಿಗೆ, ಅಲ್ಲಿಗೆ ಮುಗಿಯಿತು. ನಿಜವಾಗಿ ಮುಗಿಯಿತೇ? ಧರ್ಮಸಭೆ ಏನು ಬೋಧಿಸುತ್ತದೆ?

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನು ಅಶೋಕನ ಶಾಸನದಿಂದಾಗಿ ಶಾಲೆಯ ಮಕ್ಕಳೂ ಬಲ್ಲರು. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿನ ಪುರಾತನ ಶಿಲಾ ಸಮಾಧಿಗಳನ್ನು ಅಗೆದು ಪರಿಶೀಲಿಸಿದರು. ಕಲ್ಲಿನ ಚಪ್ಪಡಿಗಳನ್ನು ಪೆಟ್ಟಿಗೆಯಂತೆ ಜೋಡಿಸಿ, ಒಳಗೆ ಮೂಳೆಗಳ ಜೊತೆ ಮಡಕೆಗಳನ್ನೂ ಕಬ್ಬಿಣದ ಸಲಕರಣೆಗಳನ್ನೂ ಇಟ್ಟಿದ್ದರು. ಇನ್ನೂ ಹಳೆಯ ಪದರದಲ್ಲಿ ಎಳೆಯ ಕೂಸುಗಳನ್ನು ಮಡಕೆಯಲ್ಲಿಟ್ಟು ಹೂಳಿದ್ದು ಕಂಡುಬಂತು. ಆ ಜನರು ತಮ್ಮ ನಂಬಿಕೆಯನ್ನು ಬರೆದಿಟ್ಟು ಹೋಗಲಿಲ್ಲ. ಆದರೂ ಸತ್ತವರ ದೇಹ ಬಿಸಾಡುವ ವಸ್ತುವಲ್ಲವೆಂದು ಅವರ ಕೈಗಳು ಅರಿತಿದ್ದವು. ಈ ಸಹಜ ಗೌರವಕ್ಕೆ ಕ್ರೈಸ್ತ ವಿಶ್ವಾಸವು ಒಂದು ಆಧಾರವನ್ನು ಕೊಡುತ್ತದೆ. ಪ್ರಭು ಯೇಸುಕ್ರಿಸ್ತರು ಪುನರುತ್ಥಾನರಾದ ಬಗೆಯೇ ಆ ಆಧಾರ.

ಲೂಕನ ಶುಭಸಂದೇಶದ 24ನೇ ಅಧ್ಯಾಯವನ್ನು ಓದಿ ನೋಡಿ. ಶಿಷ್ಯರು ಭೂತವನ್ನು ಕಂಡೆವೆಂದು ಹೆದರಿದರು. ಯೇಸು ತಮ್ಮ ಕೈಕಾಲುಗಳನ್ನು ತೋರಿಸಿದರು, ಮುಟ್ಟಿ ನೋಡಿರೆಂದರು, ಅವರ ಮುಂದೆಯೇ ಮೀನು ತಿಂದರು. ಯೊವಾನ್ನನ 20ನೇ ಅಧ್ಯಾಯದಲ್ಲಿ ತೋಮನಿಗೆ ಗಾಯದ ಗುರುತುಗಳನ್ನು ತೋರಿಸಿದರು. ಶಿಲುಬೆಗೆ ಹೋದ ದೇಹವೇ ಎದ್ದುಬಂದಿತ್ತು. ಆದರೆ ಲಾಜರನಂತೆ ಮತ್ತೆ ಸಾಯುವುದಕ್ಕಾಗಿ ಎದ್ದು ಬಂದದ್ದಲ್ಲ. ಮುಚ್ಚಿದ ಬಾಗಿಲು ಅವರನ್ನು ತಡೆಯಲಿಲ್ಲ. ಎಮ್ಮಾವುಸಿನ ದಾರಿಯಲ್ಲಿ ಜೊತೆ ನಡೆದವರಿಗೂ ಮೊದಲು ಗುರುತು ಸಿಗಲಿಲ್ಲ. ಅದೇ ದೇಹ, ಆದರೆ ಮಹಿಮೆಯಿಂದ ಮಾರ್ಪಟ್ಟ ದೇಹ.

ಇದನ್ನು ಒಪ್ಪದವರು ಅಂದೂ ಇದ್ದರು, ಇಂದೂ ಇದ್ದಾರೆ. ಯೇಸು ಆತ್ಮಸ್ವರೂಪದಲ್ಲಿ ಮಾತ್ರ ಎದ್ದರೆಂದು ಯೆಹೋವನ ಸಾಕ್ಷಿಗಳು ಬೋಧಿಸುತ್ತಾರೆ. ಕಳೆದ ಶತಮಾನದ ಜರ್ಮನ್ ಪಂಡಿತ ರುಡಾಲ್ಫ್ ಬುಲ್ಟ್‌ಮನ್ ಅವರು, ಶಿಷ್ಯರಲ್ಲಿ ವಿಶ್ವಾಸ ಹುಟ್ಟಿದ್ದೇ ಮುಖ್ಯ, ಸತ್ತ ದೇಹ ಎದ್ದುಬರುವುದು ಚರಿತ್ರೆಯ ಘಟನೆಯಲ್ಲ ಎಂದರು. ಆತ್ಮವಷ್ಟೇ ಏಳುತ್ತದೆ ಎನ್ನುವವರು ಸಾಮಾನ್ಯವಾಗಿ ಸಂತ ಪೌಲರ ಮಾತನ್ನೇ ಮುಂದಿಡುತ್ತಾರೆ. ರಕ್ತಮಾಂಸವು ದೇವರ ರಾಜ್ಯಕ್ಕೆ ಬಾಧ್ಯವಾಗದು, ಏಳುವುದು ಆತ್ಮಿಕ ದೇಹ ಎಂದು ಅವರು ಕೊರಿಂಥದವರಿಗೆ ಬರೆದಿಲ್ಲವೇ?

ಬರೆದಿದ್ದಾರೆ. ಆದರೆ ಅವರು ಬಳಸಿದ್ದು 'ದೇಹ' ಎಂಬ ಪದವನ್ನೇ. ಪವಿತ್ರಾತ್ಮರಿಂದ ಜೀವ ಪಡೆದ, ಇನ್ನು ಕೊಳೆಯದ ದೇಹವೆಂಬುದೇ 'ಆತ್ಮಿಕ ದೇಹ'ದ ಅರ್ಥ. ದೇಹವಿಲ್ಲದ ಆತ್ಮವೆಂದಲ್ಲ. ರಕ್ತಮಾಂಸವೆಂದರೆ ಸಾವಿಗೆ ಒಳಗಾದ ನಮ್ಮ ಈಗಿನ ದುರ್ಬಲ ಸ್ಥಿತಿ. ಪೌಲರು ಕೊಟ್ಟ ಬೀಜದ ಹೋಲಿಕೆ ಚಳ್ಳಕೆರೆ, ಮೊಳಕಾಲ್ಮೂರಿನ ರೈತರಿಗೆ ಸುಲಭವಾಗಿ ತಿಳಿಯುತ್ತದೆ. ಬಿತ್ತಿದ ಶೇಂಗಾ ಬೀಜಕ್ಕೂ ಹೊಲದಲ್ಲಿ ಹಸಿರಾಗಿ ಹಬ್ಬಿದ ಗಿಡಕ್ಕೂ ಹೋಲಿಕೆಯೇ ಇಲ್ಲ. ಆದರೂ ಶೇಂಗಾ ಬಿತ್ತಿದಲ್ಲಿ ರಾಗಿ ಹುಟ್ಟುವುದಿಲ್ಲ. ಹಾಗೆಯೇ ನಮ್ಮ ರೂಪ ಬದಲಾದರೂ ಏಳುವವರು ನಾವೇ. ಒಂದು ವ್ಯತ್ಯಾಸವುಂಟು: ಬೀಜಕ್ಕೆ ತನ್ನೊಳಗೇ ಮೊಳೆಯುವ ಶಕ್ತಿಯಿದೆ, ಸತ್ತವರಿಗಿಲ್ಲ. ಅವರನ್ನು ಎಬ್ಬಿಸುವುದು ದೇವರೇ.

ಆದ್ದರಿಂದಲೇ 1215ರ ನಾಲ್ಕನೇ ಲ್ಯಾಟರನ್ ಮಹಾಸಭೆಯು, ಎಲ್ಲರೂ ಈಗ ಹೊತ್ತಿರುವ ತಮ್ಮ ತಮ್ಮ ದೇಹಗಳೊಡನೆಯೇ ಏಳುವರೆಂದು ಸಾರಿತು. 1992ರಲ್ಲಿ ಹೊರಬಂದ ಕಥೋಲಿಕ ಧರ್ಮೋಪದೇಶ ಗ್ರಂಥದ ಬೋಧನೆಯೂ ಇದೇ: ಮರಣದಲ್ಲಿ ಆತ್ಮವು ದೇಹದಿಂದ ಬೇರ್ಪಟ್ಟು ದೇವರನ್ನು ಸಂಧಿಸುತ್ತದೆ, ಅಂತ್ಯದಿನದಲ್ಲಿ ಮಹಿಮೆಗೊಂಡ ದೇಹದೊಡನೆ ಮತ್ತೆ ಕೂಡುತ್ತದೆ. ಇದು ಹೇಗೆ ಎಂಬುದು ನಮ್ಮ ಕಲ್ಪನೆಗೆ ಮೀರಿದ್ದು ಎಂದೂ ಅದು ಹೇಳುತ್ತದೆ.

ಸುಟ್ಟು ಬೂದಿಯಾದವರ ಗತಿಯೇನು ಎಂದು ಕೆಲವರು ಚಿಂತಿಸುತ್ತಾರೆ. ಕ್ರಿ.ಶ. 177ರಲ್ಲಿ ಲಿಯೋನ್ ನಗರದ ಹಿಂಸಕರು ರಕ್ತಸಾಕ್ಷಿಗಳ ದೇಹಗಳನ್ನು ಸುಟ್ಟು ಬೂದಿಯನ್ನು ರೋನ್ ನದಿಗೆ ಎಸೆದರು. ಇನ್ನು ಇವರು ಏಳುವುದು ಹೇಗೆಂಬುದು ಅವರ ಗೇಲಿ. ಕ್ರೈಸ್ತರ ನಿರೀಕ್ಷೆ ಮಾತ್ರ ಕುಂದಲಿಲ್ಲ. ಶೂನ್ಯದಿಂದ ಸೃಷ್ಟಿಸಿದವರಿಗೆ ಬೂದಿ ಅಡ್ಡಿಯಲ್ಲ. ಪುನರುತ್ಥಾನವನ್ನು ನಿರಾಕರಿಸುವ ಉದ್ದೇಶವಿಲ್ಲದಿದ್ದರೆ ದಹನಕ್ಕೆ ಧರ್ಮಸಭೆ 1963ರಿಂದ ಅನುಮತಿ ನೀಡಿದೆ. ಆದರೂ ಭೂಸ್ಥಾಪನೆಯನ್ನೇ ಹೆಚ್ಚು ಮೆಚ್ಚುತ್ತದೆ. ಬೂದಿಯನ್ನು ನದಿಯಲ್ಲೋ ಗಾಳಿಯಲ್ಲೋ ತೂರದೆ ಪವಿತ್ರ ಸ್ಥಳದಲ್ಲಿ ಇರಿಸಬೇಕೆಂದು 2016ರ ಸೂಚನೆ ತಿಳಿಸುತ್ತದೆ.

ಈ ವಿಶ್ವಾಸ ಗೋರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಆತ್ಮವೊಂದೇ ಉಳಿಯುವುದಾದರೆ ದೇಹವನ್ನು ಹೇಗೆ ನಡೆಸಿಕೊಂಡರೂ ಆದೀತು. ದೇಹವೂ ದೇವರ ವಾಗ್ದಾನಕ್ಕೆ ಸೇರಿದ್ದಾದರೆ, ಮಗ್ಗದ ಮುಂದೆ ಕುಳಿತು ಬಾಗಿದ ತಂದೆಯ ಬೆನ್ನು, ಹಾಸಿಗೆ ಹಿಡಿದ ಅಜ್ಜಿಯ ಒಣಗಿದ ಕೈ, ಅಂಗವಿಕಲ ಮಗುವಿನ ಕಾಲು, ಎಲ್ಲವೂ ಮಹಿಮೆಗೆ ಕರೆಯಲ್ಪಟ್ಟಿವೆ. ಅವರಿಗೆ ಸ್ನಾನ ಮಾಡಿಸುವ, ಉಣ್ಣಿಸುವ ಕೈಗಳು ಪಾಸ್ಖ ಹಬ್ಬದ ಸಂದೇಶವನ್ನೇ ಸಾರುತ್ತವೆ.

ಕುಟುಂಬದಲ್ಲಿ ಚಿಂತನೆಗೆ:
1. ನಮ್ಮ ಮನೆಯ ರೋಗಿಯನ್ನೋ ವೃದ್ಧರನ್ನೋ ಹೊರೆಯೆಂದು ಕಾಣುತ್ತಿದ್ದೇವೆಯೇ?
2. ನವೆಂಬರ್ 2ರಂದು ಸಮಾಧಿಗೆ ಹೋಗುವಾಗ ಮಕ್ಕಳಿಗೆ ಅದರ ಅರ್ಥವನ್ನು ಹೇಳಿದ್ದೇವೆಯೇ?
3. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 15ನೇ ಅಧ್ಯಾಯವನ್ನು ಈ ವಾರ ಒಟ್ಟಿಗೆ ಓದೋಣವೇ?