ಕೇಬಲ್ ಪುಕ್ಕಟೆ, ಕರೆಂಟು ಅಲ್ಲ

ಎಲೆಕ್ಟ್ರಿಕ್ ಕಾರು ಕೊಂಡವರಿಗೆ ಡಿಕ್ಕಿಯಲ್ಲಿ ಒಂದು ಚೀಲ ಸಿಗುತ್ತದೆ. ಒಳಗೆ ದಪ್ಪನೆಯ ಕೇಬಲ್. ಒಂದು ತುದಿಗೆ ಗೀಸರಿಗೆ ಹಾಕುವಂಥ ಮೂರು ಪಿನ್ನಿನ ದೊಡ್ಡ ಪ್ಲಗ್, ಇನ್ನೊಂದು ತುದಿಗೆ ಕಾರಿನ ಗನ್, ನಡುವೆ ದೀಪಗಳಿರುವ ಡಬ್ಬಿ. "ಮೊಬೈಲ್ ಥರ ಚಾರ್ಜಿಗಿಡಿ, ಕಿಲೋಮೀಟರಿಗೆ ಒಂದೇ ರೂಪಾಯಿ" ಎನ್ನುತ್ತಾರೆ ಮಾರುವವರು. ಡೊಂಬಿವಲಿಯಲ್ಲಿ ಈ ಒಂದು ರೂಪಾಯಿಯ ಲೆಕ್ಕ ನಡೆಯುವುದಿಲ್ಲ.

ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಯ ಬಹುಪಾಲು ಮನೆಗಳಿಗೆ ಕರೆಂಟು ಕೊಡುವುದು ಮಹಾವಿತರಣ. ಅದರ 2024-25ರ ದರಪಟ್ಟಿಯಲ್ಲಿ ಮನೆ ಬಳಕೆಯ ಮೊದಲ 100 ಯೂನಿಟ್‌ಗೆ 4.71 ರೂಪಾಯಿ, 300ರ ವರೆಗೆ 10.29, 500ರ ವರೆಗೆ 14.55, ಅದರಾಚೆ 16.64. ಪ್ರತಿ ಯೂನಿಟ್‌ಗೂ 1.17 ರೂಪಾಯಿ ವಹನ ಶುಲ್ಕ, ಎಲ್ಲದರ ಮೇಲೆ ಶೇ 16 ವಿದ್ಯುತ್ ಸುಂಕ. ಬಿಲ್ಲಿನ ಮೊತ್ತವನ್ನು ಯೂನಿಟ್‌ನಿಂದ ಭಾಗಿಸಿ ಬಂದ ಸರಾಸರಿಯನ್ನೇ ಕಾರಿಗೂ ಹಚ್ಚುವವರಿದ್ದಾರೆ. ಅಗ್ಗದ ಯೂನಿಟ್‌ಗಳನ್ನು ಫ್ರಿಜ್ಜು, ಫ್ಯಾನು ಆಗಲೇ ತಿಂದಿರುತ್ತವೆ. ಕಾರಿನ ಪಾಲಿಗೆ ಬರುವುದು ಮೇಲಿನ ದುಬಾರಿ ಯೂನಿಟ್‌ಗಳೇ.

ಶಿಳ್‌ಫಾಟಾ ದಾಟಿ ಮಹಾಪೆಯ ಆಫೀಸಿಗೆ ಹೋಗಿಬರುವ ನನ್ನ ಓಡಾಟ ತಿಂಗಳಿಗೆ ಸಾವಿರ ಕಿಲೋಮೀಟರ್ ಆಸುಪಾಸು. ಚಾರ್ಜಿಂಗ್‌ನಲ್ಲಿ ಸೋರಿಹೋಗುವುದೂ ಸೇರಿ ಸುಮಾರು 150 ಯೂನಿಟ್ ಬೇಕು. ಮನೆಗೆ 200 ಯೂನಿಟ್ ಸಾಕಾಗುವ ತಿಂಗಳಲ್ಲಿ ಆ ದರದಂತೆ ಕಾರಿನ ಪಾಲು 2,240 ರೂಪಾಯಿ ಚಿಲ್ಲರೆ. ಮೇ ತಿಂಗಳಲ್ಲಿ ಎಸಿಯ ದೆಸೆಯಿಂದ ಮನೆಯೊಂದೇ 400ಕ್ಕೆ ಏರಿದರೆ ಅದೇ 150 ಯೂನಿಟ್‌ಗೆ 2,850ಕ್ಕೂ ಹೆಚ್ಚು, ಅಂದರೆ ಯೂನಿಟ್‌ಗೆ 19 ರೂಪಾಯಿ. ರಸ್ತೆಬದಿಯ ಫಾಸ್ಟ್ ಚಾರ್ಜರಿನ ದರಕ್ಕೆ ಹೆಚ್ಚೇನೂ ದೂರವಿಲ್ಲ! ಹಾಗೆಂದು ಗಾಬರಿ ಬೇಡ. ಕಲ್ಯಾಣ-ಶಿಳ್ ರಸ್ತೆಯ ಟ್ರಾಫಿಕ್ಕಿನಲ್ಲಿ ಲೀಟರಿಗೆ 15 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರೇ ಪುಣ್ಯವಂತ; ಅದಕ್ಕೆ ಸಾವಿರ ಕಿಲೋಮೀಟರಿಗೆ ಆರೂವರೆ ಸಾವಿರಕ್ಕೆ ಕಡಿಮೆಯಿಲ್ಲ.

ಇನ್ನು ಪಾರ್ಕಿಂಗ್‌ಗೆ ಲೈನು. ನಮ್ಮ ಸೊಸೈಟಿಯ ಸೆಕ್ರೆಟರಿ ವಿಜಯಪುರದ ಕಡೆಯವರು. "ನಿಮ್ಮ ಕಾರಿನ ಕರೆಂಟು ನಮ್ಮ ಲಿಫ್ಟಿನ ಬಿಲ್ಲಿನಾಗ ಬಂದು ಕುಂದರಬಾರದ ನೋಡ್ರಿ ಸರ" ಎಂದರು. ನ್ಯಾಯದ ಮಾತೇ. ಮನೆಯ ಈಗಿನ ಸಂಪರ್ಕದಿಂದಲೇ, ಮನೆಯ ದರದಲ್ಲೇ ಕಾರು ಚಾರ್ಜ್ ಮಾಡಬಹುದೆಂದು ಕೇಂದ್ರ ವಿದ್ಯುತ್ ಸಚಿವಾಲಯ 2022ರ ಜನವರಿಯಲ್ಲೇ ಮಾರ್ಗಸೂಚಿ ಹೊರಡಿಸಿದೆ. ಅದರ ಪ್ರತಿ ಕೊಟ್ಟು, ನನ್ನ ಮೀಟರಿನಿಂದಲೇ ತಂತಿ ಎಳೆಯುತ್ತೇನೆಂದು ಬರೆದುಕೊಟ್ಟ ಮೇಲೆ ಒಪ್ಪಿಗೆ ಸಿಕ್ಕಿತು.

ವೈರ್‌ಮನ್ ಬಂದವನು ಮೊದಲು ಮಾಡಿದ್ದು ಪಾರ್ಕಿಂಗಿನ ಹಳೆಯ ಸಾಕೆಟ್ಟಿಗೆ ಬಲ್ಬ್ ಹಿಡಿದು ನೋಡಿದ್ದು. ಫೇಸ್ ಮತ್ತು ನ್ಯೂಟ್ರಲ್ ನಡುವೆ ಝಗ್ಗನೆ ಉರಿಯಿತು; ಫೇಸ್ ಮತ್ತು ಅರ್ಥಿಂಗ್ ನಡುವೆ ಕೆಂಪಗೆ ಮಿಣುಕಿತು, ಅಷ್ಟೇ. ಕೇಬಲಿನ ಡಬ್ಬಿ ಕೆಂಪು ದೀಪ ತೋರಿಸಿ ಚಾರ್ಜಿಂಗ್ ನಿಲ್ಲಿಸುತ್ತಿದ್ದುದು ಇದಕ್ಕೇ. ಹಳೆಯ ಕಟ್ಟಡಗಳಲ್ಲಿ ಈ ರೋಗ ಬಹಳ. ನ್ಯೂಟ್ರಲನ್ನೇ ಅರ್ಥಿಂಗ್ ಪಿನ್ನಿಗೆ ಜೋಡಿಸಿ ದೀಪ ಹಸಿರು ಮಾಡಿಕೊಡುವ ಚತುರರು ಸಿಗುತ್ತಾರೆ. ಅಂಥವರನ್ನು ಬಾಗಿಲಿನಿಂದಲೇ ಕಳಿಸಿಬಿಡಿ. ಜೀವಕ್ಕೆ ಅಪಾಯ. ಹೊಸ ಅರ್ಥಿಂಗ್ ಗುಂಡಿ, ಮೀಟರ್ ರೂಮಿನಿಂದ ತಾಮ್ರದ ದಪ್ಪ ತಂತಿ, ಪ್ರತ್ಯೇಕ ಎಂಸಿಬಿ, ಆರ್‌ಸಿಸಿಬಿ, ಮಳೆಗಾಲದ ನೀರು ಮುಟ್ಟದ ಎತ್ತರದಲ್ಲಿ ಒಳ್ಳೆಯ 16 ಆಂಪಿಯರ್ ಸಾಕೆಟ್ ಎಲ್ಲ ಸೇರಿ ಇಪ್ಪತ್ತು ಸಾವಿರದ ಹತ್ತಿರ ಬಂತು. ಈ ಖರ್ಚಿನಲ್ಲಿ ಚೌಕಾಸಿ ಬೇಡ. ಕೇಬಲ್ ಗಂಟೆಗಟ್ಟಲೆ ಮೂರು ಕಿಲೋವಾಟಿಗೂ ಹೆಚ್ಚು ಎಳೆಯುತ್ತದೆ. ಸಡಿಲ ಸಾಕೆಟ್ಟು, ಎಕ್ಸ್‌ಟೆನ್ಷನ್ ಬೋರ್ಡು ಅಷ್ಟನ್ನು ತಡೆಯಲಾರದೆ ಕರಗುತ್ತವೆ.

ಉಳಿಸಬೇಕಾದದ್ದು ಗೋಡೆಗೆ ಕೂರಿಸುವ 7.2 ಕಿಲೋವಾಟ್ ಡಬ್ಬಿಯ ದುಡ್ಡು. ರಾತ್ರಿಯಿಡೀ ನಿಲ್ಲುವ ಕಾರಿಗೆ ಅದರ ಅವಸರವೇಕೆ? ಕೆಲವು ಕಾರುಗಳ ಒಳಗಿನ ಚಾರ್ಜರೇ 3.3 ಕಿಲೋವಾಟಿನದು, ಮೊದಲ ನೆಕ್ಸಾನ್ ಇವಿಯದೂ ಅಷ್ಟೇ ಇತ್ತು. ಅಂಥ ಕಾರಿಗೆ ದೊಡ್ಡ ಡಬ್ಬಿ ಹಾಕಿದರೂ ಅದು ಕುಡಿಯುವುದು ಅಷ್ಟೇ.

ಸೊಸೈಟಿಯಲ್ಲಿ ನಾಲ್ಕಾರು ಎಲೆಕ್ಟ್ರಿಕ್ ಕಾರುಗಳಿದ್ದರೆ, ವಾಹನ ಚಾರ್ಜಿಂಗ್‌ಗೆಂದೇ ಇರುವ ಮಹಾವಿತರಣದ ಪ್ರತ್ಯೇಕ ಸಂಪರ್ಕದ ಬಗ್ಗೆ ಮುಂದಿನ ಸಭೆಯಲ್ಲಿ ಮಾತೆತ್ತಿ. ಅದಕ್ಕೆ ಮನೆಯ ಸ್ಲ್ಯಾಬ್ ಇಲ್ಲ. ಒಬ್ಬರೇ ಇದ್ದರೆ, ಕಾರು ಬುಕ್ ಮಾಡುವ ಮುನ್ನ ಕಳೆದ ಮೇ ತಿಂಗಳ ಬಿಲ್ಲು ತೆಗೆದು, ಈಗಿನ ದರಪಟ್ಟಿ ಎದುರಿಗಿಟ್ಟುಕೊಂಡು, ಕಾರಿನ ಯೂನಿಟ್‌ಗಳನ್ನು ಅದರ ಮೇಲೆ ಪೇರಿಸಿ ನೋಡಿ.