ಮೀಟರು ಓದೋಣ, ಕರೆಂಟಿನ ಲೆಕ್ಕ ಹಾಕೋಣ



ತಿಂಗಳಿಗೊಮ್ಮೆ ಮೀಟರು ನೋಡುವವರು ಬರುತ್ತಾರೆ. ಕೈಯಲ್ಲಿರುವ ಪುಟ್ಟ ಯಂತ್ರದಿಂದ ಒಂದು ಚೀಟಿ ಹರಿದು ಕೊಡುತ್ತಾರೆ. ಆ ಚೀಟಿಯನ್ನು ನಾವು ಏನು ಮಾಡುತ್ತೇವೆ? ಗೋಡೆಯ ಮೊಳೆಗೆ ಸಿಕ್ಕಿಸುತ್ತೇವೆ. ಬಿಲ್ಲು ಜಾಸ್ತಿ ಬಂದ ತಿಂಗಳು ಮನೆಯಲ್ಲಿ ಜಗಳ. "ಹಗಲೆಲ್ಲಾ ಮನೇಲಿ ಇರೋಳು ನೀನು, ಟೀವಿ ಹಾಕ್ಕೊಂಡು ಕೂತಿರ್ತೀಯ" ಅನ್ನುವ ಮಾತು ಹೆಂಗಸರ ಮೇಲೇ ಬರುತ್ತದೆ. ಕರೆಂಟು ತಿಂದದ್ದು ನಿಜವಾಗಿ ಟೀವಿಯೇ? ಈಗ ನಮಗೆ ಓದು ಬಂದಿದೆ. ಕೂಡುವುದು, ಕಳೆಯುವುದು ಬಂದಿದೆ. ನಾವೇ ನೋಡೋಣ ಬನ್ನಿ.

ಹಾಲನ್ನು ಲೀಟರಿನಲ್ಲಿ ಅಳೆಯುತ್ತೇವೆ. ಅಕ್ಕಿಯನ್ನು ಕಿಲೋದಲ್ಲಿ ತೂಗುತ್ತೇವೆ. ಕರೆಂಟನ್ನು ಯೂನಿಟ್ಟಿನಲ್ಲಿ ಅಳೆಯುತ್ತಾರೆ. ಮೀಟರಿನ ಮುಂದೆ ನಿಂತು ನೋಡಿ. ಅಂಕಿಗಳು ಒಂದಾದ ಮೇಲೆ ಒಂದು ಬಂದು ಹೋಗುತ್ತವೆ. ಯಾವ ಅಂಕಿಯ ಪಕ್ಕ ಇಂಗ್ಲಿಷಿನಲ್ಲಿ ಕೆ, ಡಬ್ಲ್ಯು, ಎಚ್ ಎಂಬ ಮೂರು ಅಕ್ಷರ ಇದೆಯೋ ಅದೇ ಯೂನಿಟ್ಟು. ಹೋದ ತಿಂಗಳು 1846 ಇತ್ತು, ಈ ತಿಂಗಳು 1931 ಇದೆ ಅನ್ನಿ. 1931ರಲ್ಲಿ 1846 ಕಳೆಯಿರಿ. 85 ಉಳಿಯಿತು. ನೀವು ಬಳಸಿದ್ದು 85 ಯೂನಿಟ್. ಚೀಟಿಯಲ್ಲೂ ಇದೇ ಇರಬೇಕು. ಇಲ್ಲದಿದ್ದರೆ ಕೇಳಬಹುದು. ಕೇಳುವ ಹಕ್ಕು ನಮಗಿದೆ.

ಇನ್ನೊಂದು ಮಾತು ಕಲಿಯೋಣ. ಅದು ವ್ಯಾಟ್. ಒಂದು ಸಾಮಾನಿಗೆ ಕರೆಂಟಿನ ಹಸಿವು ಎಷ್ಟು ಅಂತ ಅದು ಹೇಳುತ್ತದೆ. ಬಲ್ಬಿನ ಬುಡದಲ್ಲಿ, ಮಿಕ್ಸಿಯ ತಳದಲ್ಲಿ, ಇಸ್ತ್ರಿ ಪೆಟ್ಟಿಗೆಯ ಮೇಲೆ ಬರೆದಿರುತ್ತಾರೆ. ಅಂಕಿ ಇರುತ್ತದೆ, ಮುಂದೆ ಡಬ್ಲ್ಯು ಅಕ್ಷರ ಇರುತ್ತದೆ. 1000 ವ್ಯಾಟಿನ ಸಾಮಾನು ಒಂದು ಗಂಟೆ ನಡೆದರೆ ಒಂದು ಯೂನಿಟ್ ಆಯಿತು. 100 ವ್ಯಾಟಿನದು ಹತ್ತು ಗಂಟೆ ನಡೆದರೆ ಒಂದು ಯೂನಿಟ್. ಇಷ್ಟು ತಿಳಿದರೆ ಸಾಕು, ಉಳಿದದ್ದೆಲ್ಲ ಬರೀ ಗುಣಾಕಾರ.

ಹಳೆಯ ಗಾಜಿನ ಬಲ್ಬು 60 ವ್ಯಾಟಿನದು. ಒಂದು ಯೂನಿಟ್ಟಿಗೆ ಹದಿನಾರೂವರೆ ಗಂಟೆ ಉರಿಯುತ್ತದೆ. ಅದನ್ನು ಮುಟ್ಟಿದರೆ ಕೈ ಸುಡುತ್ತದಲ್ಲಾ? ನಾವು ದುಡ್ಡು ಕೊಟ್ಟದ್ದು ಬೆಳಕಿಗೆ. ಹೆಚ್ಚಿನ ಪಾಲು ಹೋದದ್ದು ಬಿಸಿಗೆ. ಈಗಿನ ಎಲ್‌ಇಡಿ ಬಲ್ಬು 9 ವ್ಯಾಟಿನದು. ಒಂದು ಯೂನಿಟ್ಟಿಗೆ 111 ಗಂಟೆ ಉರಿಯುತ್ತದೆ. ಬೆಳಕೇನೂ ಕಡಿಮೆ ಇಲ್ಲ.

ಈಗ ಒಂದು ಮನೆಯ ಒಂದು ದಿನದ ಲೆಕ್ಕ. ನಾಲ್ಕು ಜನರ ಮನೆ. 9 ವ್ಯಾಟಿನ ಮೂರು ಬಲ್ಬು, ಐದು ಗಂಟೆ. 9ನ್ನು 3ರಿಂದ, ಮತ್ತೆ 5ರಿಂದ ಗುಣಿಸಿ. 135 ಬಂತು. 75 ವ್ಯಾಟಿನ ಎರಡು ಫ್ಯಾನು, ಎಂಟು ಗಂಟೆ. ಇದು 1200. ನೋಡಿದಿರಾ, ಫ್ಯಾನು ಎಷ್ಟು ಮುಂದೆ ಹೋಯಿತು! ಟೀವಿ 50 ವ್ಯಾಟಿನದು, ನಾಲ್ಕು ಗಂಟೆಗೆ 200. ಟೀವಿಯ ಪಕ್ಕದ ಸೆಟ್‌ಟಾಪ್ ಬಾಕ್ಸ್ ಸುಮಾರು 10 ವ್ಯಾಟಿನದು. ರಿಮೋಟಿನಲ್ಲಿ ಟೀವಿ ಆರಿಸಿದರೂ ಅದು ಗೋಡೆಯ ಸ್ವಿಚ್ಚಿನಿಂದ ತಿನ್ನುತ್ತಲೇ ಇರುತ್ತದೆ. 24 ಗಂಟೆಗೆ 240. ಟೀವಿಗಿಂತ ಟೀವಿಯ ಡಬ್ಬಿಯೇ ಹೆಚ್ಚು ತಿಂದಿತು! 500 ವ್ಯಾಟಿನ ಮಿಕ್ಸಿ, ಕಾಲು ಗಂಟೆಗೆ 125. ಚಿಕ್ಕ ಫ್ರಿಜ್ಜು ಇದ್ದರೆ ದಿನಕ್ಕೆ ಸುಮಾರು ಅರ್ಧ ಯೂನಿಟ್, ಅಂದರೆ 500.

ಎಲ್ಲ ಕೂಡಿಸಿ. 2400 ಆಯಿತು. ಸಾವಿರಕ್ಕೆ ಒಂದು ಯೂನಿಟ್. ದಿನಕ್ಕೆ 2.4 ಯೂನಿಟ್. ತಿಂಗಳಿಗೆ 72 ಯೂನಿಟ್.

ಅಯ್ಯೋ, ಸ್ನಾನದ ನೀರು ಬಿಟ್ಟೇ ಹೋಯಿತು. ದೊಡ್ಡ ಬಕೆಟಿನ ತುಂಬ, ಅಂದರೆ 20 ಲೀಟರ್ ತಣ್ಣೀರನ್ನು ಸ್ನಾನದ ಹದಕ್ಕೆ ಕಾಯಿಸಲು ಸುಮಾರು ಅರ್ಧ ಯೂನಿಟ್ ಬೇಕು. ಕೆಲವರು "ನಮ್ಮ ಕಾಯಿಲ್ಲು 1500 ವ್ಯಾಟಿನದು, ಬೇಗ ಕಾಯುತ್ತೆ, ಕರೆಂಟು ಉಳಿಯುತ್ತೆ" ಅನ್ನುತ್ತಾರೆ. ಬೇಗ ಕಾಯುವುದು ನಿಜ. ಕರೆಂಟು ಉಳಿಯುವುದಿಲ್ಲ. ಸಣ್ಣ ಕಾಯಿಲ್ಲು ನಿಧಾನವಾಗಿ ಕಾಯಿಸಿದರೂ, ದೊಡ್ಡದು ಬೇಗ ಕಾಯಿಸಿದರೂ ಅಷ್ಟೇ ನೀರಿಗೆ ಅಷ್ಟೇ ಕರೆಂಟು. ನಾಲ್ಕು ಜನಕ್ಕೆ ನಾಲ್ಕು ಬಕೆಟು. ದಿನಕ್ಕೆ 2 ಯೂನಿಟ್. ತಿಂಗಳಿಗೆ 60!

ಬಲ್ಬು, ಫ್ಯಾನು, ಟೀವಿ, ಮಿಕ್ಸಿ, ಫ್ರಿಜ್ಜು ಎಲ್ಲ ಸೇರಿ 72. ಬರೀ ಸ್ನಾನಕ್ಕೆ 60. ಟೀವಿಯ ಪಾಲು ತಿಂಗಳಿಗೆ 6 ಅಷ್ಟೇ. ಇನ್ನು ಮೇಲೆ ಯಾರಾದರೂ ಟೀವಿ ಮಾತು ತೆಗೆದರೆ ಈ ಲೆಕ್ಕ ಬರೆದು ಮುಂದೆ ಇಡಿ. ಸ್ನಾನ ಮನೆಯವರೆಲ್ಲ ಮಾಡುತ್ತಾರಲ್ಲವೇ?

ಬಿಸಿ ಮಾಡುವ ಸಾಮಾನಿನ ಹೊಟ್ಟೆ ಯಾವಾಗಲೂ ದೊಡ್ಡದು. ಕಾಯಿಲ್ಲು, ಗೀಸರು, ಕರೆಂಟಿನ ಒಲೆ, ಇಸ್ತ್ರಿ ಪೆಟ್ಟಿಗೆ ಎಲ್ಲ ಈ ಜಾತಿಯವೇ. 2000 ವ್ಯಾಟಿನ ಗೀಸರು ಅರ್ಧ ಗಂಟೆಗೆ ಒಂದು ಯೂನಿಟ್ ನುಂಗುತ್ತದೆ. ಮೊಬೈಲು ಪಾಪದ್ದು. ಒಂದು ಯೂನಿಟ್ಟಿನಲ್ಲಿ ಸುಮಾರು 40 ಸಲ ಪೂರ್ತಿ ಚಾರ್ಜ್ ಮಾಡಬಹುದು. ತೆಂಗಿನ ಗರಿ, ಸೋಗೆ ಸಿಗುವ ಊರಿನವರು ಹಂಡೆ ಒಲೆಯನ್ನು ಇನ್ನೂ ಕೆಡವದೆ ಇಟ್ಟುಕೊಂಡಿದ್ದರೆ ಒಳ್ಳೆಯದೇ. ಹೊಗೆ ಹೊರಗೆ ಹೋಗುವಂತಿರಲಿ.

ಕಾಯಿಲ್ಲಿನ ಮಾತು ಬಂದಾಗ ದುಡ್ಡಿಗಿಂತ ದೊಡ್ಡದೊಂದು ಇದೆ. ಜೀವ. ಕಾಯಿಲ್ಲನ್ನು ನೀರಿನಲ್ಲಿ ಇಳಿಸಿದ ಮೇಲೆ ಸ್ವಿಚ್ಚು ಹಾಕಿ. ನೀರು ಕಾದಿದೆಯೇ ಅಂತ ಬೆರಳು ಅದ್ದುವ ಮೊದಲು ಸ್ವಿಚ್ಚು ಆರಿಸಿ, ಪ್ಲಗ್ಗನ್ನೂ ಕಿತ್ತುಬಿಡಿ. ತಗಡಿನ ಬಕೆಟು, ಹಿತ್ತಾಳೆ ಹಂಡೆ ಬೇಡವೇ ಬೇಡ. ಮಕ್ಕಳು ಓಡಾಡುವ ಕಡೆ ಇಡಬೇಡಿ. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಬೇಡಿ.

ಈಗ ಬಿಲ್ಲಿಗೆ ಬರೋಣ. ನಮ್ಮ ರಾಜ್ಯದಲ್ಲಿ 2023ರಲ್ಲಿ ಗೃಹಜ್ಯೋತಿ ಯೋಜನೆ ಬಂತು. ಕರೆಂಟು ಪುಕ್ಕಟೆ ಅಂದರು. ಪುಕ್ಕಟೆ ನಿಜ, ಆದರೆ ಮಿತಿ ಉಂಟು. 2022-23ರಲ್ಲಿ ಒಂದು ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಸ್ವಲ್ಪ ಸೇರಿಸಿ ಆ ಮನೆಯ ಮಿತಿ ಗೊತ್ತು ಮಾಡಿದರು. ಮಿತಿ ದಾಟಿದರೆ ದಾಟಿದಷ್ಟಕ್ಕೆ ಹಣ. 200 ಯೂನಿಟ್ಟೇ ದಾಟಿತೋ, ಆ ತಿಂಗಳ ಪೂರ್ತಿ ಬಿಲ್ಲು ಕಟ್ಟಬೇಕು. 199ಕ್ಕೂ 201ಕ್ಕೂ ಎರಡೇ ಯೂನಿಟ್ ಅಂತರ. ಅಂದರೆ ನಾಲ್ಕು ಬಕೆಟು ನೀರು! ಅದಕ್ಕೇ ತಿಂಗಳ ನಡುವೆ ಒಂದು ಸಲ ಮೀಟರು ನೋಡಬೇಕು. ಚೀಟಿ ಬಂದ ಮೇಲೆ ನೋಡಿ ಏನು ಪ್ರಯೋಜನ?

ಒಂದು ಮೋಜು ಮಾಡಿ ನೋಡಿ. ಮೀಟರಿನಲ್ಲಿ ಒಂದು ಕೆಂಪು ಚುಕ್ಕೆ ಮಿಣುಕುತ್ತದೆ. ಬರೀ ಬಲ್ಬು ಹಾಕಿದಾಗ ನಿಧಾನವಾಗಿ ಮಿಣುಕುತ್ತದೆ. ಮಗಳಿಗೆ ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಹಾಕಲು ಹೇಳಿ, ನೀವು ಮೀಟರಿನ ಮುಂದೆ ನಿಲ್ಲಿ. ಚುಕ್ಕೆ ಪಟಪಟ ಅಂತ ಕಣ್ಣು ಹೊಡೆಯುತ್ತದೆ. ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿದ ಮೇಲೂ ಮಿಣುಕುತ್ತಲೇ ಇದ್ದರೆ ವೈರಿನಲ್ಲಿ ಎಲ್ಲೋ ಸೋರಿಕೆ ಇರಬಹುದು. ತಿಳಿದವರನ್ನು ಕರೆಸಿ ತೋರಿಸಿ.

ಅಭ್ಯಾಸ

ನಿಮ್ಮ ಮನೆಯ ಮೀಟರಿನ ಇಂದಿನ ಅಂಕಿ: ............

ಏಳು ದಿನ ಬಿಟ್ಟು ನೋಡಿದ ಅಂಕಿ: ............

ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಿರಿ: ............

750 ವ್ಯಾಟಿನ ಮಿಕ್ಸಿಯನ್ನು ದಿನಕ್ಕೆ 20 ನಿಮಿಷ ಬಳಸಿದರೆ ಎಷ್ಟು ದಿನಕ್ಕೆ ಒಂದು ಯೂನಿಟ್ ಆಗುತ್ತದೆ? ಪಕ್ಕದ ಮನೆಯವರ ಜೊತೆ ಕೂತು ಲೆಕ್ಕ ಮಾಡಿ.