ಹಳೆಯ ಸ್ಪೋರ್ಟ್ಸ್ ಕಾರು: ಮುಂಗಡಕ್ಕೆ ಮೊದಲು ತಪಾಸಣೆ

ಹಳೆಯ ಕಾರಿನ ಹೊಸ ಬಣ್ಣವನ್ನು ಮೊದಲು ಅನುಮಾನಿಸಬೇಕು. 1960ರ ದಶಕದ ಎಂಜಿಬಿಯಂಥ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ. ಬಾಡಿಯೇ ಭಾರ ಹೊರಬೇಕು. ಬಾಗಿಲ ಕೆಳಗಿನ ಭಾಗ ಒಳಗಿಂದ ತುಕ್ಕು ತಿಂದಿದ್ದು, ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ಕಣ್ಣಿಗೆ ಏನೂ ಕಾಣದು. ಬಟ್ಟೆ ಸುತ್ತಿದ ಆಯಸ್ಕಾಂತ ಹಿಡಿದು ನೋಡಿ, ಪುಟ್ಟಿ ದಪ್ಪಗಿರುವಲ್ಲಿ ಅದು ಅಂಟುವುದಿಲ್ಲ. ಲಿಫ್ಟ್ ಇರುವ ಗ್ಯಾರೇಜಿನಲ್ಲಿ, ಮಾರುವವರ ಪರಿಚಯದವನಲ್ಲದ ಮೆಕ್ಯಾನಿಕ್‌ನಿಂದ ಅಡಿಭಾಗ ನೋಡಿಸಿ, ಎಂಜಿನ್ನಿನ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ವರದಿ ಬರಹದಲ್ಲೇ ಇರಲಿ.

ಬರಹ ಏಕೆಂದರೆ, ಸರಕು ಮಾರಾಟ ಕಾಯ್ದೆ, 1930ರ 16ನೇ ಕಲಮಿನಡಿ ಖಾಸಗಿ ವ್ಯಕ್ತಿ ಮಾರುವ ಹಳೆಯ ಕಾರಿನ ಗುಣಮಟ್ಟಕ್ಕೆ ಕಾನೂನು ಸಾಮಾನ್ಯವಾಗಿ ತಾನಾಗಿ ಖಾತರಿ ಕೊಡುವುದಿಲ್ಲ. ಕರಾರು ಕಾಯ್ದೆ, 1872ರ 19ನೇ ಕಲಂ ಇನ್ನೂ ಖಡಕ್ಕು. ಮಾರಿದವರು ದೋಷ ಹೇಳದೆ ಸುಮ್ಮನಿದ್ದರೂ, ಸಾಮಾನ್ಯ ಎಚ್ಚರದಿಂದ ನಿಜ ತಿಳಿಯುವ ದಾರಿ ನಿಮಗಿತ್ತು ಎಂದಾದರೆ ಕರಾರು ರದ್ದಾಗದು. ಕೇಳಿದ ಮೇಲೂ ಗೊತ್ತಿದ್ದೇ ಸುಳ್ಳು ಹೇಳಿದ್ದರೆ ಅದು ವಂಚನೆ. ಆಗ ಈ ರಕ್ಷಣೆ ಅವರಿಗೆ ಸಿಗದು. ಆದ್ದರಿಂದ ಅಪಘಾತವಾಗಿತ್ತೇ, ಎಂಜಿನ್ ಬದಲಾಗಿದೆಯೇ, ಸಾಲವಿದೆಯೇ ಎಂದು ವಾಟ್ಸ್‌ಆಪ್‌ನಲ್ಲಾದರೂ ಕೇಳಿ, ಉತ್ತರ ಉಳಿಸಿಕೊಳ್ಳಿ. ವ್ಯಾಪಾರಿಯಿಂದ ಕೊಂಡಿದ್ದರೆ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು.

ಚಾಸಿ, ಎಂಜಿನ್ ನಂಬರುಗಳನ್ನು ಆರ್‌ಸಿಯ ಜೊತೆ ನೀವೇ ತಾಳೆ ನೋಡಿ. ಹೊಂದದಿದ್ದರೆ ಬೆಲೆ ಎಷ್ಟೇ ಇಳಿದರೂ ಬೇಡ. ವಿದೇಶದಿಂದ ತರಿಸಿದ ಕಾರಾದರೆ ಕಸ್ಟಮ್ಸ್ ಕಾಗದ ಕೇಳಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ನಮೂನೆ 35, ಬೇರೆ ರಾಜ್ಯದ ನೋಂದಣಿಯಾದರೆ ನಮೂನೆ 28ರ ಎನ್‌ಒಸಿ ಬೇಕು.

50 ವರ್ಷ ದಾಟಿದ ಕಾರಿಗೆ 2021ರ ವಿಂಟೇಜ್ ನಿಯಮಗಳಿವೆ. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡಾಗಿದ್ದರೆ ಆ ಮಾನ್ಯತೆ ಸಿಗದು. ‘ವಿಎ’ ಸರಣಿಯ ವಿಂಟೇಜ್ ನಂಬರು ಪಡೆದ ಕಾರನ್ನು ರ‍್ಯಾಲಿ, ಪ್ರದರ್ಶನ, ತಾಂತ್ರಿಕ ಸಂಶೋಧನೆ, ಇಂಧನ, ರಿಪೇರಿಗಳಿಗೆ ಮಾತ್ರ ರಸ್ತೆಗಿಳಿಸಬಹುದು. ಭಾನುವಾರ ಬೆಳಿಗ್ಗೆ ನಂದಿಬೆಟ್ಟಕ್ಕೆ ಹೋಗುವ ಆಸೆಯಿದ್ದವರು ಇದನ್ನು ಮೊದಲೇ ಕೇಳಿಕೊಳ್ಳಬೇಕು.

ಮಾಲೀಕತ್ವ ಬದಲಿಸಲು ನಮೂನೆ 29, 30. ಕೊಂಡವರಿಗೆ 30 ದಿನದ ಗಡುವು. ಹೆಸರು ಬದಲಾಗುವವರೆಗೆ ಅಪಘಾತ ಪರಿಹಾರದ ಹೊಣೆ ನೋಂದಾಯಿತ ಮಾಲೀಕರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹಾಗಾಗಿ ಪ್ರಾಮಾಣಿಕವಾಗಿ ಮಾರುವವರು ಹೆಸರು ಬದಲಿಸಲು ತಾವೇ ಆತುರಪಡುತ್ತಾರೆ. ಖಾಲಿ ನಮೂನೆಗೆ ಸಹಿ ಹಾಕಿ ‘ನಿಧಾನಕ್ಕೆ ಮಾಡಿಸಿಕೊಳ್ಳಿ’ ಎನ್ನುವವರಿಗೆ ಮುಂಗಡ ಕೊಡಬೇಡಿ. ಬೇರೆಯವರಿಗೆ ಕೊಡುವುದಾದರೂ, ತಪಾಸಣೆಯಲ್ಲಿ ಒಪ್ಪಿಗೆಯಾಗದಿದ್ದರೆ ಪೂರ್ತಿ ಹಣ ವಾಪಸ್ ಎಂದು ರಸೀದಿಯಲ್ಲಿ ಬರೆಸಿಕೊಳ್ಳಿ.